ಶೀತಲಗೃಹಕ್ಕೆ ಎರಡನೆಯ ಕಂಡೆನ್ಸರ್: ಅಮೋನಿಯಾ ಕೊಳವೆ ಜೋಡಣೆಯಲ್ಲಿ ಗಮನಿಸಬೇಕಾದ ಅಂಶಗಳು

ಕೋಲಾರ, ಮಾಲೂರು, ಚಿಕ್ಕಬಳ್ಳಾಪುರ ಭಾಗದ ಆಲೂಗಡ್ಡೆ, ದ್ರಾಕ್ಷಿ ಹಾಗೂ ತರಕಾರಿಗಳು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಗ್ರಾಹಕರನ್ನು ತಲುಪುವ ಮುನ್ನ ಹಲವು ಬಾರಿ ಶೀತಲಗೃಹದಲ್ಲಿ ತಂಗುತ್ತವೆ. ದಾಸ್ತಾನು ಹೆಚ್ಚಿದಾಗ ಇರುವ ಕಂಡೆನ್ಸರ್ ಪಕ್ಕದಲ್ಲಿ ಮತ್ತೊಂದನ್ನು ಸಮಾನಾಂತರವಾಗಿ ಜೋಡಿಸುವುದು ರೂಢಿ. ಆದರೆ ಜೋಡಣೆ ತಪ್ಪಿದರೆ ಹೊಸ ಯಂತ್ರ ಬಂದರೂ ಬೇಸಿಗೆಯಲ್ಲಿ ಒತ್ತಡ ಇಳಿಯದು. ವಿದ್ಯುತ್ ವೆಚ್ಚ ಏರಿ, ಅದರ ಹೊರೆ ರೈತರ ಬಾಡಿಗೆಯ ಮೇಲೆ ಬೀಳುತ್ತದೆ.

ಸಮಸ್ಯೆಗೆ ಕಾರಣ

ಅನಿಲವು ಕಂಡೆನ್ಸರಿನ ಸುರುಳಿಯಲ್ಲಿ ಹರಿಯುವಾಗ ಘರ್ಷಣೆಯಿಂದ ಅದರ ಒತ್ತಡ ಸ್ವಲ್ಪ ಕುಸಿಯುತ್ತದೆ. ಎರಡರಲ್ಲಿ ಒಂದರ ಫ್ಯಾನ್ ನಿಂತರೆ ಅದರಲ್ಲಿ ಹರಿವು ತಗ್ಗಿ, ನಿರ್ಗಮದ ಒತ್ತಡವು ಒಳಬರುವ ಒತ್ತಡಕ್ಕೆ ಸಮೀಪವಾಗಿಯೇ ಉಳಿಯುತ್ತದೆ. ನಿರ್ಗಮ ಕೊಳವೆಗಳನ್ನು ನೇರವಾಗಿ ಕೂಡಿಸಿದ್ದರೆ ಈ ಹೆಚ್ಚಿನ ಒತ್ತಡವು ಚಾಲನೆಯಲ್ಲಿರುವ ಕಂಡೆನ್ಸರಿನ ದ್ರವವನ್ನು ತಡೆಯುತ್ತದೆ. ದ್ರವ ತುಂಬಿದ ಸುರುಳಿಯಲ್ಲಿ ಅನಿಲ ದ್ರವೀಕರಣಗೊಳ್ಳಲು ಸ್ಥಳವಿರುವುದಿಲ್ಲ. ಎರಡು ಕಂಡೆನ್ಸರ್‌ಗಳ ಗಾತ್ರ ಬೇರೆಯಾಗಿದ್ದರೂ ಇದೇ ತೊಂದರೆ ಉಂಟಾಗಬಹುದು.

ಅನುಸರಿಸಬೇಕಾದ ಕ್ರಮಗಳು

1. ಪ್ರತಿ ನಿರ್ಗಮದಿಂದ ಪ್ರತ್ಯೇಕ ಲಂಬ ಕೊಳವೆ ಇಳಿಯಬೇಕು. ಅದರ ತಳದಲ್ಲಿ ದ್ರವ ನಿಲ್ಲುವ ಟ್ರ್ಯಾಪ್ ಇರಬೇಕು. ಅದರ ನಂತರವೇ ಮುಖ್ಯ ಕೊಳವೆಗೆ ಸೇರಿಸಬೇಕು.

2. ಲಂಬ ಕೊಳವೆಯಲ್ಲಿ ನಿಲ್ಲುವ ದ್ರವಸ್ತಂಭವೇ ಒತ್ತಡದ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಪ್ರತಿ ಚದರ ಸೆಂ.ಮೀ.ಗೆ 0.1 ಕಿ.ಗ್ರಾಂ. ವ್ಯತ್ಯಾಸಕ್ಕೆ ಸುಮಾರು 1.7 ಮೀಟರ್ ಎತ್ತರ ಬೇಕು. ಆದ್ದರಿಂದ ಕಂಡೆನ್ಸರ್‌ಗಳನ್ನು ರಿಸೀವರಿಗಿಂತ ಸಾಕಷ್ಟು ಎತ್ತರದಲ್ಲಿ ಕೂರಿಸಬೇಕು.

3. ರಿಸೀವರಿನ ಮೇಲ್ಭಾಗದಿಂದ ಹೊರಡುವ ಒತ್ತಡ ಸಮೀಕರಣ ಕೊಳವೆಯನ್ನು ಕಂಡೆನ್ಸರ್‌ಗಳ ಅನಿಲ ಪ್ರವೇಶದ ಕಡೆಗೆ ಜೋಡಿಸಬೇಕು, ನಿರ್ಗಮಕ್ಕಲ್ಲ.

4. ವ್ಯವಸ್ಥೆಯೊಳಗೆ ಸೇರಿಕೊಂಡ ಗಾಳಿಯನ್ನು ಹೊರಹಾಕಲು ಪ್ರತಿ ಕಂಡೆನ್ಸರಿಗೂ ಪ್ರತ್ಯೇಕ ಕವಾಟವಿರಲಿ. ಒಮ್ಮೆಗೆ ಒಂದನ್ನು ಮಾತ್ರ ತೆರೆಯಬೇಕು.

5. ನಮ್ಮ ಭಾಗದ ಕೊಳವೆಬಾವಿಗಳ ಗಡಸು ನೀರು ಸುರುಳಿಯ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ನೀರನ್ನು ಸಂಸ್ಕರಿಸಿ ಬಳಸಿ, ಎರಡೂ ಕಂಡೆನ್ಸರ್‌ಗಳನ್ನು ನಿಯಮಿತವಾಗಿ ಪರೀಕ್ಷಿಸಿ.

ಎಚ್ಚರಿಕೆ

ಅಮೋನಿಯಾ ವಿಷಕಾರಿ ಅನಿಲ. ಕಣ್ಣು ಹಾಗೂ ಶ್ವಾಸಕೋಶಗಳಿಗೆ ತೀವ್ರ ಹಾನಿ ಮಾಡುತ್ತದೆ. ಕೊಳವೆ ಬದಲಾವಣೆಯನ್ನು ಪರಿಣತ ತಂತ್ರಜ್ಞರಿಂದಲೇ ಮಾಡಿಸಬೇಕು. ಸೋರಿಕೆ ಕಂಡುಬಂದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಅಥವಾ ಎದುರಾಗಿ ದೂರ ಸರಿಯಬೇಕು. ರೈತ ಉತ್ಪಾದಕ ಸಂಸ್ಥೆಗಳು ಕಂಡೆನ್ಸರ್ ಖರೀದಿಗೆ ಮುನ್ನವೇ ಕೊಳವೆ ಜೋಡಣೆಯ ನಕ್ಷೆಯನ್ನು ಪಡೆದು, ಮೇಲಿನ ಅಂಶಗಳನ್ನು ಒಂದೊಂದಾಗಿ ತಾಳೆ ನೋಡುವುದು ಸೂಕ್ತ.