ಅಳಿಲ ಮರಿಗೆ ಹಾಲು ಕೊಡುವ ಮುನ್ನ

ತೆಂಗಿನ ಒಣಗರಿಯೊಂದು ಅಂಗಳಕ್ಕೆ ಬಿದ್ದಾಗ ಅದರ ಬುಡದ ನಾರಿನ ಗೂಡಿನೊಂದಿಗೆ ಎರಡು ಮರಿಗಳೂ ಬಿದ್ದವು. ಒಂದು ಅಲ್ಲೇ ಸತ್ತಿತ್ತು. ಇನ್ನೊಂದನ್ನು ಅಂಗೈಗೆ ಎತ್ತಿಕೊಂಡೆ. ಕಣ್ಣು ಇನ್ನೂ ಬಿಟ್ಟಿರಲಿಲ್ಲ, ಬೆನ್ನ ಮೇಲೆ ಪಟ್ಟೆಗಳ ಸುಳಿವಷ್ಟೇ ಇತ್ತು. ನಾನಾಗ ಐದನೇ ಕ್ಲಾಸು. ಅಮ್ಮ ಕೊಟ್ಟ ಹಸುವಿನ ಹಾಲನ್ನು ಇಂಕ್ ಫಿಲ್ಲರಿನಿಂದ ಅದರ ಬಾಯಿಗೆ ಬಿಟ್ಟೆ. ಗುಟುಕರಿಸಿತು, ಮೂಗಿನಿಂದ ಸಣ್ಣ ಗುಳ್ಳೆಗಳು ಬಂದವು, ನನಗೋ ಖುಷಿ. ಬೆಳಿಗ್ಗೆ ಎದ್ದು ನೋಡಿದರೆ ಬೂಟಿನ ಡಬ್ಬಿಯ ಹತ್ತಿಯಲ್ಲಿ ಸೆಟೆದು ಮಲಗಿತ್ತು. ‘ಅದರ ಆಯುಸ್ಸೇ ಅಷ್ಟು ಕಣೋ’ ಅಂದರು ಅಜ್ಜಿ. ಅದು ಆಯುಸ್ಸಿನ ಲೆಕ್ಕವಲ್ಲ, ನಾನೇ ಅದನ್ನು ಕೊಂದೆ, ಅದೂ ಒಂದೇ ರಾತ್ರಿಯಲ್ಲಿ ಮೂರು ಬಗೆಯಲ್ಲಿ ಎಂದು ತಿಳಿಯುವ ಹೊತ್ತಿಗೆ ನನ್ನ ತಲೆಯಲ್ಲಿ ಬಿಳಿಕೂದಲು ಬಂದಿತ್ತು.

ಮೊದಲನೆಯದು ಚಳಿ. ಸಣ್ಣ ಮೈ ಎಂದರೆ ದೊಡ್ಡ ಮೈಯ ಕಿರಿಯ ಪ್ರತಿಯಲ್ಲ, ಅದರ ಲೆಕ್ಕಾಚಾರವೇ ಬೇರೆ. ಶಾಖ ಹುಟ್ಟುವುದು ಮೈಯೊಳಗೆ, ಸೋರಿಹೋಗುವುದು ಚರ್ಮದ ಮೂಲಕ. ಗಾತ್ರ ಕುಗ್ಗಿದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮವೇ ಹೆಚ್ಚು. ನಮ್ಮ ಹಿತ್ತಿಲಲ್ಲಿ ಓಡಾಡುವ ಬೆಳೆದ ಅಳಿಲು ಸುಮಾರು ನೂರು ಗ್ರಾಂ ತೂಗುತ್ತದೆ. ಅರವತ್ತು ಕಿಲೋ ಮನುಷ್ಯನ ಪಕ್ಕ ಇಟ್ಟರೆ ಅದರ ಒಂದೊಂದು ಗ್ರಾಂ ಮಾಂಸಕ್ಕೂ ನಮ್ಮ ಎಂಟು ಪಟ್ಟು ಚರ್ಮ ಬರುತ್ತದೆ. ರೋಮವಿಲ್ಲದ ಮರಿಯ ಪಾಡು ಇನ್ನೂ ಕಷ್ಟ. ತನ್ನ ಕಾವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಅದಕ್ಕಿಲ್ಲ, ತಾಯಿಯ ಹೊಟ್ಟೆಯಡಿಯ ಬಿಸುಪೇ ಅದರ ಒಲೆ. ಮೈ ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹೊಟ್ಟೆಗೆ ಹೋದ ಹಾಲು ಜೀರ್ಣವಾಗದೆ ಅಲ್ಲೇ ನಿಂತು ಹುಳಿಯುತ್ತದೆ. ಅದಕ್ಕೇ ವನ್ಯಜೀವಿ ಶುಶ್ರೂಷೆ ಮಾಡುವವರು ಮೊದಲು ಕಾವು ಕೊಡುತ್ತಾರೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಮರಿಯ ಮೈ ಬೆಚ್ಚಗಾದ ಮೇಲೆ ಉಗುರು ಬೆಚ್ಚಗಿನ ಓಆರ್‌ಎಸ್ ನೀರಿನ ಹನಿ. ಹಾಲಿನ ಸರದಿ ಆಮೇಲೆ.

ಹಾಲಾದರೂ ಯಾವ ಹಾಲು? ನಾನು ಮಾಡಿದ ಎರಡನೇ ಅನಾಹುತ ಇದು. ಹಸುವಿನ ಹಾಲಿನಲ್ಲಿ ಕೊಬ್ಬು ಶೇಕಡಾ ಮೂರೂವರೆ, ನಾಲ್ಕು. ಲ್ಯಾಕ್ಟೋಸ್ ಎಂಬ ಸಕ್ಕರೆ ಅದಕ್ಕಿಂತ ತುಸು ಹೆಚ್ಚು. ಅಳಿಲು, ಇಲಿಗಳ ಹಾಲಿನಲ್ಲಿ ಇದರ ಹಲವು ಪಟ್ಟು ಕೊಬ್ಬು, ಸಕ್ಕರೆ ಕಡಿಮೆ. ಬೇಗ ಬೇಗ ಶಾಖ ಕಳೆದುಕೊಳ್ಳುವ ಮರಿಗೆ ಬೇಕಾದ್ದು ಗಟ್ಟಿ ಉರುವಲು, ಸಿಹಿನೀರಲ್ಲ. ಹಸುವಿನ ಹಾಲಿನ ಅಷ್ಟೊಂದು ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಮರಿಯ ಕರುಳಲ್ಲಿ ಸಾಲುವುದಿಲ್ಲ. ಉಳಿದ ಸಕ್ಕರೆ ಕರುಳಿಗೆ ನೀರೆಳೆಯುತ್ತದೆ, ಬ್ಯಾಕ್ಟೀರಿಯಾ ಅದನ್ನು ಹುದುಗಿಸುತ್ತವೆ, ಹೊಟ್ಟೆ ಉಬ್ಬಿ ಭೇದಿ ಶುರು. ಇಪ್ಪತ್ತು ಗ್ರಾಂ ಜೀವದಲ್ಲಿ ಕಳೆದುಕೊಳ್ಳಲು ನೀರೆಷ್ಟಿದ್ದೀತು? ಅನುಭವಿಗಳು ಪಶುವೈದ್ಯರ ಬಳಿ ಸಿಗುವ ನಾಯಿಮರಿ ಹಾಲಿನ ಪುಡಿ ಬಳಸುತ್ತಾರೆ. ಒಂದು ಸಲಕ್ಕೆ ತೂಕದ ಶೇಕಡಾ ಐದರಷ್ಟು, ಅಂದರೆ ಇಪ್ಪತ್ತು ಗ್ರಾಂ ಮರಿಗೆ ಒಂದೇ ಒಂದು ಮಿಲೀ. ನನ್ನ ಫಿಲ್ಲರಿನಿಂದ ಎಷ್ಟು ಹೋಯಿತೋ ದೇವರಿಗೇ ಗೊತ್ತು.

ಮೂಗಿನ ಗುಳ್ಳೆ ಮೂರನೆಯದು. ಮರಿಯನ್ನು ನಾನು ಕೂಸಿನಂತೆ ಅಂಗಾತ ಮಲಗಿಸಿದ್ದೆ. ಹಾಲು ಶ್ವಾಸನಾಳಕ್ಕೆ ಇಳಿದಿತ್ತು. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಹಿಡಿದು, ಸೂಜಿಯಿಲ್ಲದ ಸಣ್ಣ ಸಿರಿಂಜಿನಿಂದ ಅದು ನೆಕ್ಕಿದಷ್ಟೇ ಹನಿಸಬೇಕು. ಪ್ರತಿ ಸಲವೂ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸಬೇಕು, ಏಕೆಂದರೆ ತಾಯಿ ನೆಕ್ಕದೆ ಎಳೆಮರಿ ಉಚ್ಚೆ ಹೊಯ್ಯುವುದೂ ಇಲ್ಲ. ಮನೆಯಲ್ಲಿ ಸಾಕಿದ ಎಷ್ಟೋ ಮರಿಗಳು ಸಾಯುವುದು ಈ ಚಿಕ್ಕ ವಿಷಯ ಗೊತ್ತಿಲ್ಲದೆ.

ಇಷ್ಟೆಲ್ಲ ಮಾಡಿ ಬದುಕಿಸಿದವರೂ ಮುಂದೆ ಇನ್ನೊಂದು ಕಡೆ ಎಡವುತ್ತಾರೆ. ಅಳಿಲು ಶೇಂಗಾ ತಿನ್ನುತ್ತದೆ ಎಂದು ಬರೀ ಶೇಂಗಾ, ಸೂರ್ಯಕಾಂತಿ ಬೀಜ ಹಾಕುತ್ತಾರೆ. ಅವುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಕೊರತೆ ತುಂಬಲು ಮೈ ತನ್ನ ಮೂಳೆಯನ್ನೇ ಕರಗಿಸುತ್ತದೆ. ಬಿಸಿಲೂ ಕಾಣದ ಪಂಜರದ ಅಳಿಲು ಒಂದು ದಿನ ಹಿಂಗಾಲು ಎಳೆಯತೊಡಗುತ್ತದೆ. ಮನೆಯವರು ಎಲ್ಲೋ ಬಿದ್ದಿರಬೇಕು ಅಂದುಕೊಳ್ಳುತ್ತಾರೆ.

ನಿಜ ಹೇಳಬೇಕೆಂದರೆ, ಬಿದ್ದ ಮರಿಗೆ ಬಹಳ ಸಲ ನಾವು ಬೇಕಾಗಿಯೇ ಇಲ್ಲ. ಅಳಿಲುಗಳು ಒಂದು ಗೂಡು ಕೆಟ್ಟರೆ ಇನ್ನೊಂದಕ್ಕೆ ಮರಿಗಳನ್ನು ಬಾಯಲ್ಲಿ ಕಚ್ಚಿ ಸಾಗಿಸುತ್ತವೆ. ಗಾಯವಿಲ್ಲದ ಮರಿಯನ್ನು ಬೆಚ್ಚಗೆ ಮಾಡಿ, ಮೇಲೆ ತೆರೆದ ಡಬ್ಬಿಯಲ್ಲಿಟ್ಟು, ಬೆಕ್ಕಿಗೆ ಎಟುಕದಂತೆ ಅದೇ ಮರಕ್ಕೆ ಕಟ್ಟಿ ದೂರ ಸರಿದರೆ ಹಗಲು ಹೊತ್ತಿನಲ್ಲಿ ತಾಯಿ ಬಂದು ಒಯ್ಯುವ ಸಾಧ್ಯತೆ ಚೆನ್ನಾಗಿಯೇ ಇದೆ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ನಮ್ಮ ಕಡೆಯ ಹಳೇ ನಂಬಿಕೆ. ತಾಯಿ ಹತ್ತಿರ ಬಾರದಂತೆ ಮಾಡುವುದು ನಮ್ಮ ಕೈಯ ವಾಸನೆಗಿಂತ ಹೆಚ್ಚಾಗಿ ಡಬ್ಬಿಯ ಸುತ್ತ ನೆರೆದ ಮಕ್ಕಳ ಸೈನ್ಯ. ಸಂಜೆಯಾದರೂ ತಾಯಿ ಬಾರದಿದ್ದರೆ ವನ್ಯಜೀವಿ ರಕ್ಷಕರಿಗೋ ಅರಣ್ಯ ಇಲಾಖೆಗೋ ತಿಳಿಸುವುದು ಸರಿ. ಘಟ್ಟದ ಕೆಂದಳಿಲು, ಹಾರುವ ಅಳಿಲುಗಳ ವಿಷಯದಲ್ಲಂತೂ ಬೇರೆ ಮಾತೇ ಇಲ್ಲ; ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಬೆಳೆದ ಅಳಿಲನ್ನು ಹಿಡಿಯಲು ದಪ್ಪ ಟವೆಲ್ ಬೇಕು. ಅದರ ಬಾಚಿಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಮುಂಭಾಗಕ್ಕೆ ಮಾತ್ರ ಗಟ್ಟಿ ಎನಾಮಲ್ ಇರುವುದರಿಂದ ಹಿಂಭಾಗ ಬೇಗ ಸವೆದು ಉಳಿಯ ಅಲಗಿನಂತೆ ಚೂಪಾಗಿಯೇ ಉಳಿಯುತ್ತವೆ. ಬಾಲ ಹಿಡಿದರೆ ಚರ್ಮವೇ ಕಿತ್ತು ಕೈಗೆ ಬರಬಹುದು, ಹದ್ದು ಬೆಕ್ಕುಗಳಿಂದ ಪಾರಾಗಲು ಇರುವ ಉಪಾಯ ಅದು. ಅಳಿಲಿನಿಂದ ರೇಬೀಸ್ ತೀರ ಅಪರೂಪ. ಹಾಗಂತ ಕಚ್ಚಿದ ಗಾಯವನ್ನು ಸೋಪಿನಿಂದ ತೊಳೆಯದೆ, ವೈದ್ಯರಿಗೆ ತೋರಿಸದೆ ಬಿಡುವಂತಿಲ್ಲ.

ಸಣ್ಣ ಕಾಡುಪ್ರಾಣಿಗಳನ್ನು ಮನುಷ್ಯ ಮರುಕದಿಂದ ಮಾತ್ರ ಸಾಕಲಿಲ್ಲ, ಹೊಟ್ಟೆಗಾಗಿಯೂ ಸಾಕಿದ. ಯಾವುದನ್ನು ಆರಿಸಿಕೊಂಡ ಎಂಬುದರಲ್ಲೇ ಜೀವಶಾಸ್ತ್ರದ ಪಾಠವಿದೆ. ಪ್ರಾಚೀನ ರೋಮನ್ನರು ಡಾರ್‌ಮೌಸ್ ಎಂಬ, ಅಳಿಲಿನ ದೂರದ ನಂಟ ಜೀವಿಯನ್ನು ಮಣ್ಣಿನ ಗುಡಾಣಗಳಲ್ಲಿ ಕೊಬ್ಬಿಸುತ್ತಿದ್ದರು. ಗುಡಾಣದ ಒಳಗೋಡೆಗೆ ಓಡಾಡಲು ಅಂಚುಗಳು, ಒಳಗೆ ಕತ್ತಲೆ, ತಿನ್ನಲು ಓಕ್ ಕಾಯಿ, ಅಕ್ರೋಟು. ವ್ಯಾರೋ ಎಂಬ ಲೇಖಕ ಇದನ್ನು ವಿವರಿಸಿದ್ದಾನೆ. ಇದೇ ಪ್ರಾಣಿ ಏಕೆ? ಅದು ಚಳಿಗಾಲವಿಡೀ ನಿದ್ದೆ ಹೋಗುವಂಥದ್ದು, ಅದಕ್ಕಾಗಿ ಮೊದಲೇ ಮೈತುಂಬ ಕೊಬ್ಬು ಕೂಡಿಡುತ್ತದೆ. ಅಪಿಕಿಯಸ್ ಹೆಸರಿನ ರೋಮನ್ ಅಡುಗೆ ಪುಸ್ತಕದಲ್ಲಿ ಅದರ ಹೊಟ್ಟೆಗೆ ಹಂದಿಮಾಂಸ, ಮೆಣಸು, ಪೈನ್ ಬೀಜಗಳ ಜೊತೆ ‘ಲೇಸರ್’ ಎಂಬ ಮಸಾಲೆ ತುಂಬುವ ವಿಧಾನವಿದೆ. ಮೂಲ ಲೇಸರ್ ಗಿಡ ಕಣ್ಮರೆಯಾದ ಮೇಲೆ ಅದರ ಜಾಗಕ್ಕೆ ಪೂರ್ವದಿಂದ ಬಂದದ್ದು ನಮ್ಮ ಸಾರಿನ ಒಗ್ಗರಣೆಯ ಇಂಗು!

ಆಂಡಿಸ್ ಪರ್ವತದ ಜನ ಸಾವಿರಾರು ವರ್ಷಗಳ ಹಿಂದೆಯೇ ಗಿನಿಹಂದಿಯನ್ನು ಅಡುಗೆಮನೆಯಲ್ಲಿ ಸಾಕಿದರು. ಪೆರುವಿನ ಕುಸ್ಕೊ ಚರ್ಚಿನಲ್ಲಿರುವ 18ನೇ ಶತಮಾನದ ಚಿತ್ರವೊಂದರಲ್ಲಿ ಏಸುವಿನ ಕೊನೆಯ ಊಟದ ತಟ್ಟೆಯಲ್ಲೂ ಅದಿದೆ. ಗಿನಿಹಂದಿಯ ಮರಿ ಎರಡು ತಿಂಗಳಿಗೂ ಹೆಚ್ಚು ಗರ್ಭದಲ್ಲಿದ್ದು, ಮೈತುಂಬ ಕೂದಲು, ತೆರೆದ ಕಣ್ಣುಗಳೊಂದಿಗೆ ಹುಟ್ಟಿ ಒಂದೆರಡು ದಿನದಲ್ಲೇ ಹುಲ್ಲು ಮೆಲ್ಲುತ್ತದೆ. ನಮ್ಮ ಅಳಿಲು ಒಂದು ತಿಂಗಳು ಚಿಲ್ಲರೆ ದಿನಕ್ಕೇ ಕುರುಡು ಬೆತ್ತಲೆ ಮರಿ ಹೆತ್ತು, ಎರಡು ತಿಂಗಳು ಹಾಲೂಡುತ್ತದೆ. ಇಷ್ಟು ಆರೈಕೆ ಬೇಡುವ, ಮರ ಹತ್ತಿ ಓಡುವ, ಕೊಬ್ಬೂ ಕಟ್ಟದ ಪ್ರಾಣಿಯನ್ನು ಯಾವ ರೈತ ತಾನೇ ಸಾಕಿಯಾನು?

ಆದ್ದರಿಂದ ಅಳಿಲು ಬೇಟೆಯ ಮಾಂಸವಾಗಿಯೇ ಉಳಿಯಿತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇಂದಿಗೂ ಬೂದು ಅಳಿಲಿನ ಬೇಟೆಗೆ ಋತು, ಪರವಾನಗಿಗಳಿವೆ. ಎಳೆಯದನ್ನು ಹುರಿಯುತ್ತಾರೆ. ಮುದಿಯದನ್ನು ಬ್ರನ್ಸ್‌ವಿಕ್ ಸ್ಟ್ಯೂ ಎಂಬ ಸಾರಿಗೆ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಹತ್ತುವ ಜಿಗಿಯುವ ಸ್ನಾಯುವಿಗೆ ನಾರು ಹೆಚ್ಚು, ಕೊಬ್ಬು ಕಡಿಮೆ. ಆ ನಾರಿನ ಕೊಲಾಜೆನ್ ತೇವದ ಶಾಖದಲ್ಲಿ ನಿಧಾನಕ್ಕೆ ಜಿಲಾಟಿನ್ ಆಗಿ ಕರಗಿದರಷ್ಟೇ ಮಾಂಸ ಮೆತ್ತಗಾಗುತ್ತದೆ. ಇಂಥ ಕೊಬ್ಬಿಲ್ಲದ ಮಾಂಸವನ್ನೇ ನಂಬಿ ಬದುಕಲೂ ಆಗದು. ಪ್ರೋಟೀನಿನ ಸಾರಜನಕವನ್ನು ಯೂರಿಯಾ ಮಾಡಿ ಹೊರಹಾಕಲು ನಮ್ಮ ಯಕೃತ್ತಿಗೆ ಒಂದು ಮಿತಿಯಿದೆ. ಚಳಿಗಾಲದಲ್ಲಿ ಬರೀ ಮೊಲ ತಿಂದ ಉತ್ತರದ ಬೇಟೆಗಾರರು ಹೊಟ್ಟೆತುಂಬ ತಿಂದೂ ಸೊರಗುತ್ತಿದ್ದರು. ಅದಕ್ಕೆ ‘ಮೊಲದ ಉಪವಾಸ’ ಎಂದೇ ಹೆಸರು.

ರೋಗದ ಭಯ ಹೆಚ್ಚಿರುವುದು ಬೆಂದ ಮಾಂಸದಲ್ಲಲ್ಲ, ಸುಲಿಯುವ ಕೈಯಲ್ಲಿ. 1911ರಲ್ಲಿ ಕ್ಯಾಲಿಫೋರ್ನಿಯಾದ ಟುಲಾರಿ ಕೌಂಟಿಯ ನೆಲ ಅಳಿಲುಗಳಲ್ಲಿ ಪ್ಲೇಗ್ ಹುಡುಕುತ್ತಿದ್ದ ಜಾರ್ಜ್ ಮೆಕಾಯ್ ಅವರಿಗೆ ಪ್ಲೇಗಿನಂತೆಯೇ ಕಾಣುವ ಬೇರೊಂದು ರೋಗ ಸಿಕ್ಕಿತು. ಇಂದು ಅದರ ಹೆಸರು ಟುಲರೀಮಿಯಾ. ಮೊಲ, ಅಳಿಲುಗಳ ಚರ್ಮ ಸುಲಿಯುವಾಗ ಬೆರಳಿನ ಕಣ್ಣಿಗೆ ಕಾಣದ ಗೀರೊಂದಿದ್ದರೂ ಸಾಕು, ಬ್ಯಾಕ್ಟೀರಿಯಾ ಒಳಹೋಗುತ್ತದೆ. ಮಾಂಸವನ್ನು ಫ್ರೀಜರಿನಲ್ಲಿಟ್ಟರೂ ಸಾಯುವುದಿಲ್ಲ, ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ.

ತಿನ್ನದೆ, ಪ್ರೀತಿಯಿಂದ ಸಾಕಿದವರಿಗೂ ಬಿಡುಗಡೆಯಿಲ್ಲ. 2011ರಿಂದ 2013ರ ನಡುವೆ ಜರ್ಮನಿಯ ಸಾಕ್ಸನಿ-ಅನ್ಹಾಲ್ಟ್ ರಾಜ್ಯದಲ್ಲಿ ಅರವತ್ತು ದಾಟಿದ ಮೂವರು ಮಿದುಳಿನ ಉರಿಯೂತದಿಂದ ಸತ್ತರು. ಮೂವರಿಗೂ ಮಧ್ಯ ಅಮೆರಿಕದ ಬಣ್ಣಬಣ್ಣದ ಅಳಿಲುಗಳನ್ನು ಸಾಕುವ ಹವ್ಯಾಸ. 2015ರಲ್ಲಿ ಪ್ರಕಟವಾದ ಸಂಶೋಧನೆ ಆ ಅಳಿಲುಗಳಲ್ಲಿದ್ದ ಹೊಸ ಬೋರ್ನಾ ವೈರಸ್ಸನ್ನು ಗುರುತಿಸಿತು. ಅಳಿಲುಗಳಿಗೆ ಏನೂ ಆಗಿರಲಿಲ್ಲ. 2003ರಲ್ಲಿ ಘಾನಾದಿಂದ ಅಮೆರಿಕಕ್ಕೆ ಮಾರಾಟಕ್ಕೆಂದು ಹೋದ ಇಲಿ, ಅಳಿಲುಗಳ ಸರಕಿನಿಂದ ಪ್ರೇರಿ ನಾಯಿ ಎಂಬ ನೆಲ ಅಳಿಲುಗಳಿಗೂ, ಅವುಗಳನ್ನು ಕೊಂಡ ಮನೆಗಳಿಗೂ ಮಂಕಿಪಾಕ್ಸ್ ಹರಡಿತು. ಒಟ್ಟು 47 ಪ್ರಕರಣ. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ನಮ್ಮಲ್ಲೂ ಇಂಥದ್ದೊಂದು ಕಥೆ 1957ರಿಂದ ನಡೆದೇ ಇದೆ. ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆಗೆ ಮಂಗನ ಹೆಸರು ಅಂಟಿಕೊಂಡಿತು, ಏಕೆಂದರೆ ಸತ್ತ ಮಂಗಗಳು ಕಣ್ಣಿಗೆ ಬಿದ್ದವು. ವೈರಸ್ಸನ್ನು ಸಾಗಿಸುವುದು ಉಣುಗು. ಅದರ ಮರಿಗಳು ರಕ್ತ ಹೀರುವುದು ಇಲಿ, ಅಳಿಲು, ಸೊಂಡಿಲಿಯಂಥ ನೆಲಮಟ್ಟದ ಸಣ್ಣ ಜೀವಿಗಳಿಂದ. ಮಂಗ ಸತ್ತರೆ ಮಲೆನಾಡಿನ ಜನ ಆರೋಗ್ಯ ಇಲಾಖೆಗೆ ಫೋನು ಮಾಡುತ್ತಾರೆ, ಸುತ್ತ ಔಷಧಿ ಹೊಡೆಯುತ್ತಾರೆ. ಕಾಡಿನಲ್ಲಿ ಅಳಿಲೊಂದು ಸತ್ತರೆ ಕಾಗೆ ಬರುವ ಮೊದಲೇ ಇರುವೆಗಳು ಬಂದಿರುತ್ತವೆ. ಮಾರನೇ ದಿನ ತರಗೆಲೆಗಳ ನಡುವೆ ಬಾಲದ ನಾಲ್ಕು ಕೂದಲು ಉಳಿದರೆ ಹೆಚ್ಚು.