ಕಾದಂಬರಿಯಲ್ಲಿ ನಿರ್ವಹಣ

ಮುಖಸಂಧಿಯಲ್ಲಿ ಬಿತ್ತಿದ ಬೀಜವು ಪ್ರತಿಮುಖ, ಗರ್ಭ, ವಿಮರ್ಶಗಳಲ್ಲಿ ಬೆಳೆದು, ನಿರ್ವಹಣದಲ್ಲಿ ಫಲಿಸಬೇಕೆಂಬುದು ನಾಟ್ಯಶಾಸ್ತ್ರದ ಮತ. ಈ ಲಕ್ಷಣವು ನಾಟಕವನ್ನು ಕುರಿತು ಹೇಳಿದುದಾದರೂ, ಕಾದಂಬರಿಯ ಮುಕ್ತಾಯವು ಸಹೃದಯರಿಗೆ ತೃಪ್ತಿಯನ್ನೋ ಅತೃಪ್ತಿಯನ್ನೋ ಉಂಟುಮಾಡುವುದೇಕೆಂಬುದನ್ನು ವಿವೇಚಿಸಲು ತಕ್ಕ ಅಳತೆಗೋಲಾಗಿದೆ. ಆದರೆ ಒಂದು ಭೇದವುಂಟು. ನಾಟಕದ ಫಲಾಗಮವು ನಾಯಕನ ಇಷ್ಟಾರ್ಥಪ್ರಾಪ್ತಿ. ಕಾದಂಬರಿಯಲ್ಲಿ ಇಷ್ಟಾರ್ಥವು ಕೈಗೂಡದೆಯೂ ನಿರ್ವಹಣವು ಪೂರ್ಣವಾಗಬಹುದು.

ಇಂಗ್ಲಿಷ್ ಸಾಹಿತ್ಯದಲ್ಲಿ ಇದಕ್ಕೊಂದು ಅಪೂರ್ವ ನಿದರ್ಶನವಿದೆ. ಚಾರ್ಲ್ಸ್ ಡಿಕನ್ಸನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' 1860-61ರಲ್ಲಿ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿತು. ಮೊದಲು ಬರೆದ ಮುಕ್ತಾಯದಲ್ಲಿ, ಪುನರ್ವಿವಾಹವಾಗಿದ್ದ ಎಸ್ಟೆಲ್ಲಳನ್ನು ಪಿಪ್ ಲಂಡನ್ನಿನ ಬೀದಿಯಲ್ಲಿ ಕ್ಷಣಕಾಲ ಕಂಡು ಅಗಲುತ್ತಾನೆ. ಕರಡಚ್ಚನ್ನು ಓದಿದ ಮಿತ್ರ ಬುಲ್ವರ್ ಲಿಟ್ಟನ್ನನ ಸಲಹೆಯಂತೆ ಡಿಕನ್ಸನು ಇದನ್ನು ಬದಲಿಸಿ, ಪಾಳುಬಿದ್ದ ತೋಟದಲ್ಲಿ ಅವರಿಬ್ಬರನ್ನೂ ಸಂಧಿಸಗೊಳಿಸಿ, ಮುಂದೆ ಅಗಲಿಕೆಯಿಲ್ಲವೆಂಬ ಸೂಚನೆಯನ್ನಿತ್ತನು. ಕೈಬಿಟ್ಟ ಮುಕ್ತಾಯವು ಜಾನ್ ಫಾರ್ಸ್ಟರನು ಬರೆದ ಡಿಕನ್ಸನ ಜೀವನಚರಿತ್ರೆಯ ಮೂರನೆಯ ಸಂಪುಟದಲ್ಲಿ (1874) ಬೆಳಕಿಗೆ ಬಂದಿತು. ಎರಡರಲ್ಲಿ ಯಾವುದು ಯುಕ್ತವೆಂಬ ವಾದವು ಇಂದಿಗೂ ತೀರಿಲ್ಲ.

ತಾನು ದೊಡ್ಡ ಮನುಷ್ಯನಾಗುವೆನು, ಎಸ್ಟೆಲ್ಲಳು ತನಗಾಗಿಯೇ ಇರುವಳು ಎಂಬ ಪಿಪ್‌ನ ಭ್ರಾಂತಿಯೇ ಈ ಕಥೆಯ ಬೀಜ. ತನ್ನ ಐಶ್ವರ್ಯದ ಮೂಲವು ದೇಶಾಂತರಶಿಕ್ಷೆಗೊಳಗಾದ ಕೈದಿಯೆಂದು ತಿಳಿದಾಗ ಆ ಭ್ರಾಂತಿ ಬೇರುಸಹಿತ ಕಿತ್ತುಹೋಗುತ್ತದೆ. ಹೀಗಿರಲು ಎಸ್ಟೆಲ್ಲಳು ದೊರೆತರೆ, ಕಥೆಯು ತಾನೇ ಅಲ್ಲಗಳೆದುದನ್ನು ಬಹುಮಾನವಾಗಿ ಹಿಂದಿರುಗಿಸಿದಂತಾಗುವುದೆಂಬುದು ಮೊದಲಿನ ಮುಕ್ತಾಯವನ್ನು ಮೆಚ್ಚುವವರ ಆಕ್ಷೇಪ. ಎರಡನೆಯದನ್ನು ಸಮರ್ಥಿಸುವವರೂ ಕಥಾರಂಭವನ್ನೇ ಆಶ್ರಯಿಸಬಲ್ಲರು: ಆ ತೋಟವು ಇಬ್ಬರೂ ಬಾಲ್ಯದಲ್ಲಿ ಸುಳಿದಾಡಿದ ಸ್ಥಳ; ದುಃಖದಿಂದ ಎಸ್ಟೆಲ್ಲಳ ಹೃದಯವೂ ಪರಿಪಾಕಗೊಂಡಿದೆ. ಉಭಯಪಕ್ಷಗಳಿಗೂ ಪ್ರಮಾಣವು ಬೀಜವೇ ಆಗಿರುವುದು ಗಮನಾರ್ಹ.

ಕನ್ನಡದಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ'ಯ (1933) ನಿರ್ವಹಣದಲ್ಲಿ ಇಂಥ ಸಂದೇಹಕ್ಕೆ ಎಡೆಯಿಲ್ಲ. ಬೇಸಾಯಗಾರನಾಗಬೇಕೆಂಬ ಚೋಮನ ಹಂಬಲವೇ ಬೀಜ. ಅಸ್ಪೃಶ್ಯನಿಗೆ ಅದು ಸಲ್ಲದೆಂಬ ಕಟ್ಟಳೆಯೇ ವಿಘ್ನ. ಒಡೆಯನು ಕೊನೆಗೆ ಗದ್ದೆಯನ್ನು ಗೇಣಿಗೆ ಕೊಟ್ಟಿದ್ದರೆ ಓದುಗರಿಗೆ ಸಮಾಧಾನವಾಗುತ್ತಿತ್ತು. ಆದರೆ ಅಂಥ ಕಟ್ಟಳೆಯು ಒಬ್ಬನ ಔದಾರ್ಯದಿಂದ ನೀಗುವಂಥದೆಂಬ ಅಸತ್ಯವನ್ನೂ ಒಪ್ಪಬೇಕಾಗುತ್ತಿತ್ತು. ಚೋಮನು ಗುಡಿಸಲ ಕದವನ್ನಿಕ್ಕಿಕೊಂಡು ದುಡಿಯನ್ನು ಬಾರಿಸುತ್ತ ಅಸುನೀಗುತ್ತಾನೆ. ಉದ್ದಕ್ಕೂ ಅವನ ಅಳಲಿಗೆ ನಾಲಗೆಯಾಗಿದ್ದ ದುಡಿಯೇ ಅಂತ್ಯವನ್ನೂ ನುಡಿಯುತ್ತದೆ. ಓದುಗರು ಮರುಗುತ್ತಾರೆ, ವಂಚಿತರಾದೆವೆಂದು ದೂರುವುದಿಲ್ಲ.

ಆದುದರಿಂದ ಕೊನೆಯ ಪ್ರಕರಣವನ್ನು ಬೋಧಿಸುವ ಅಧ್ಯಾಪಕರು ಅದು ಸುಖಾಂತವೋ ದುಃಖಾಂತವೋ ಎಂಬ ನಿರ್ಣಯಕ್ಕೆ ಮೊದಲು, ವಿದ್ಯಾರ್ಥಿಗಳಿಂದ ಆರಂಭದ ಪ್ರಕರಣಗಳನ್ನು ಮತ್ತೊಮ್ಮೆ ಓದಿಸುವುದು ಉಚಿತ. ಮುಕ್ತಾಯದ ಗುಣದೋಷಗಳು ಬಹುಮಟ್ಟಿಗೆ ಅಲ್ಲಿಯೇ ತೋರಿಬರುವುವು.