ನೀಲಿ ಚುಕ್ಕೆಯ ಹಿಂದಿನ ಗಡಿಯಾರಗಳು

ಮದುವೆ ಕರೆಯೋಲೆಯಲ್ಲಿ ಈಗ ಛತ್ರದ ವಿಳಾಸದ ಪಕ್ಕದಲ್ಲೇ ಕಪ್ಪು-ಬಿಳುಪಿನ ಒಂದು ಚೌಕವೂ ಅಚ್ಚಾಗಿರುತ್ತದೆ. ಅದಕ್ಕೆ ಮೊಬೈಲ್ ಹಿಡಿದರೆ ಮ್ಯಾಪು ತೆರೆದುಕೊಂಡು, ಛತ್ರ ಎಲ್ಲಿದೆ, ನಾವೆಲ್ಲಿದ್ದೇವೆ, ನಡುವೆ ದಾರಿ ಯಾವುದು ಎಂಬುದೆಲ್ಲ ಕಾಣುತ್ತದೆ. ನಾವಿರುವ ಜಾಗದಲ್ಲಿ ಒಂದು ನೀಲಿ ಚುಕ್ಕೆ. ಮೇಲಿನಿಂದ ಉಪಗ್ರಹ ನಮ್ಮನ್ನು ನೋಡಿ ಈ ಚುಕ್ಕೆ ಇಡುತ್ತದೆ ಎಂದು ನಂಬಿದವರು ಬಹಳ ಜನ. ನಿಜ ಸಂಗತಿ ಬೇರೆ. ಉಪಗ್ರಹಕ್ಕೆ ನಮ್ಮ ಸುಳಿವೇ ಇಲ್ಲ. ಮೊಬೈಲು ಅದಕ್ಕೆ ಏನನ್ನೂ ಕಳಿಸುವುದಿಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಕೇಳಿಸಿಕೊಂಡು, ತನ್ನ ಪಾಡಿಗೆ ತಾನು ಲೆಕ್ಕ ಹಾಕುತ್ತದೆ. ಈ ಲೆಕ್ಕದಷ್ಟು ಅಚ್ಚುಕಟ್ಟಾದ ಕೆಲಸ ನಮ್ಮ ಜೇಬಿನಲ್ಲಿ ಇನ್ನೊಂದು ನಡೆಯುತ್ತಿಲ್ಲ ಎಂದು ನನಗನ್ನಿಸುತ್ತದೆ.

ಅಮೆರಿಕದ ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಭೂಮಿಯನ್ನು ಒಂದು ಸುತ್ತು ಬರಲು ಅವಕ್ಕೆ ಹೆಚ್ಚುಕಡಿಮೆ 12 ಗಂಟೆ ಬೇಕು. ಪ್ರತಿಯೊಂದೂ ಬಿಡುವಿಲ್ಲದೆ ಸಾರುವುದು ಮುಖ್ಯವಾಗಿ ಎರಡೇ ಸಂಗತಿ: ನಾನು ಇಂಥಲ್ಲಿದ್ದೇನೆ, ಈಗ ಸಮಯ ಇಷ್ಟು. ಆ ರೇಡಿಯೋ ಅಲೆ ಬೆಳಕಿನ ವೇಗದಲ್ಲಿ ಬಂದರೂ ನೆಲ ಮುಟ್ಟುವಾಗ ಒಂದು ಸೆಕೆಂಡಿನ ಸುಮಾರು ಹದಿನೈದನೇ ಒಂದು ಭಾಗ ಕಳೆದಿರುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಒಂದು, ಎರಡು, ಮೂರು ಎಂದು ಎಣಿಸಿ, ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂದು ಅಂದಾಜು ಮಾಡುತ್ತಿದ್ದ ಮಕ್ಕಳ ಲೆಕ್ಕವೇ ಇದು. ಹೊರಟ ಸಮಯ ಗೊತ್ತು, ತಲುಪಿದ ಸಮಯ ಗೊತ್ತು, ವೇಗ ಗೊತ್ತು. ಹಾಗಾದರೆ ದೂರವೂ ಗೊತ್ತು.

ತೊಡಕಿರುವುದು ಬೆಳಕಿನ ಓಟದಲ್ಲಿ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಮಲ್ಲೇಶ್ವರದ ಒಂದು ಕ್ರಾಸಿನಲ್ಲಿ ನಿಂತವನನ್ನು ಮತ್ತ್ಯಾವುದೋ ಕ್ರಾಸಿನಲ್ಲಿ ನಿಲ್ಲಿಸಲು ಅಷ್ಟು ಸಾಕು. ಉಪಗ್ರಹದಲ್ಲಿ ಪರಮಾಣು ಗಡಿಯಾರವಿದೆ, ಸರಿ. ಮೊಬೈಲಿನಲ್ಲಿರುವುದು ಸಾಮಾನ್ಯ ಕೈಗಡಿಯಾರದಲ್ಲಿರುವಂಥ ಸ್ಫಟಿಕದ ಚೂರು. ಅದು ಬಿಸಿಲಿಗೊಂದು ಲಯದಲ್ಲಿ, ತಂಪಿಗೊಂದು ಲಯದಲ್ಲಿ ಮಿಡಿಯುತ್ತದೆ. ಇಂಥ ಗಡಿಯಾರ ಇಟ್ಟುಕೊಂಡು ಆ ಸೂಕ್ಷ್ಮ ಅಳತೆ ಹೇಗೆ ಸಾಧ್ಯ?

ಇಡೀ ವಿದ್ಯೆಯಲ್ಲಿ ನನಗೆ ಅತಿ ಸುಂದರವಾಗಿ ಕಾಣುವ ಜಾಗ ಇದು. ಮೂರು ಉಪಗ್ರಹಗಳಿಂದ ನಾವೆಷ್ಟು ದೂರ ಎಂಬುದು ಸರಿಯಾಗಿ ತಿಳಿದರೆ ನಾವಿರುವ ಜಾಗ ಗೊತ್ತಾಗುತ್ತದೆ. ಆದರೆ ಮೊಬೈಲಿನ ಗಡಿಯಾರ ಒಂದಿಷ್ಟು ಮುಂದೋ ಹಿಂದೋ ಇದ್ದರೆ ಮೂರೂ ದೂರಗಳು ತಪ್ಪುತ್ತವೆ. ಗಮನಿಸಬೇಕಾದದ್ದು, ಮೂರೂ ತಪ್ಪುವುದು ಒಂದೇ ಅಳತೆಯಲ್ಲಿ, ಏಕೆಂದರೆ ತಪ್ಪಿದ ಗಡಿಯಾರ ಒಂದೇ. ಈಗ ನಾಲ್ಕನೆಯ ಉಪಗ್ರಹದ ದನಿಯನ್ನೂ ಕೇಳಿಸಿಕೊಳ್ಳಿ. ನಾಲ್ಕೂ ದೂರಗಳು ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ನಮ್ಮ ಗಡಿಯಾರವನ್ನು ಎಷ್ಟು ಹಿಂದೆ ಮುಂದೆ ಸರಿಸಿದರೆ ಅವು ಕೂಡುತ್ತವೆ ಎಂದು ಲೆಕ್ಕ ಹಾಕಿದರೆ ಉತ್ತರ ಒಂದೇ ಬರುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಎಂಬ ನಾಲ್ಕು ಗೊತ್ತಿಲ್ಲದ ಸಂಖ್ಯೆಗಳಿಗೆ ನಾಲ್ಕು ಸಮೀಕರಣಗಳು. ಜಾಗ ಸಿಕ್ಕ ಕ್ಷಣದಲ್ಲೇ ಮೊಬೈಲಿನ ಗಡಿಯಾರವೂ ಪರಮಾಣು ಗಡಿಯಾರಕ್ಕೆ ಸರಿಹೊಂದಿರುತ್ತದೆ. ದುಬಾರಿ ಯಂತ್ರವನ್ನು ಆಕಾಶದಲ್ಲೇ ಇಟ್ಟು, ಅದರ ನಿಖರತೆಯನ್ನು ಮಾತ್ರ ಕೋಟ್ಯಂತರ ಜನರ ಕೈಗೆ ಹಂಚಿದ ಈ ಯೋಚನೆಯನ್ನು ಎಷ್ಟು ಮೆಚ್ಚಿದರೂ ಸಾಲದು.

ಕೇಳಿಸಿಕೊಳ್ಳುವುದೂ ಸುಲಭದ ಮಾತಲ್ಲ. ಒಂದು ವ್ಯಾಟನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿ, ಅದರಲ್ಲೂ ನೂರಕ್ಕೊಂದು ಪಾಲು ತೆಗೆದುಕೊಂಡರೆ ಎಷ್ಟೋ, ನೆಲ ಮುಟ್ಟುವ ಸಂಕೇತದ ಬಲ ಹೆಚ್ಚುಕಡಿಮೆ ಅಷ್ಟು. ಸುತ್ತಲಿನ ರೇಡಿಯೋ ಗದ್ದಲದಲ್ಲಿ ಅದು ಮುಳುಗಿಹೋಗಿರುತ್ತದೆ. ಆದರೆ ಪ್ರತಿ ಉಪಗ್ರಹಕ್ಕೂ ತನ್ನದೇ ಆದ 1,023 ಸೊನ್ನೆ-ಒಂದುಗಳ ಸಾಲು ಇದೆ. ಅದು ಒಂದು ಮಿಲಿಸೆಕೆಂಡಿಗೊಮ್ಮೆ ಮರುಕಳಿಸುತ್ತದೆ. ಮೊಬೈಲಿನ ಚಿಪ್ಪಿಗೆ ಆ ಸಾಲುಗಳೆಲ್ಲ ಬಾಯಿಪಾಠ. ತನ್ನ ಪ್ರತಿಯನ್ನು ಗದ್ದಲದ ಪಕ್ಕ ಇಟ್ಟು ಸ್ವಲ್ಪಸ್ವಲ್ಪವೇ ಜರುಗಿಸುತ್ತ ಹೋಗುತ್ತದೆ. ಎರಡೂ ಸಾಲು ಕೂಡಿದ ಕಡೆ ಸಂಕೇತ ಗದ್ದಲದಿಂದ ಮೇಲೆದ್ದು ನಿಲ್ಲುತ್ತದೆ. ಎಷ್ಟು ಜರುಗಿಸಬೇಕಾಯಿತು ಎಂಬುದರಲ್ಲೇ ಅಲೆ ದಾರಿಯಲ್ಲಿ ಕಳೆದ ಸಮಯ ಅಡಗಿದೆ.

ಗಡಿಯಾರಗಳ ವಿಷಯದಲ್ಲಿ ಐನ್‌ಸ್ಟೈನರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ. ಗುರುತ್ವ ಕಡಿಮೆ ಇರುವ ಎತ್ತರದಲ್ಲಿ ಗಡಿಯಾರ ವೇಗವಾಗುತ್ತದೆ. ಜಿಪಿಎಸ್ ಕಕ್ಷೆಯಲ್ಲಿ ಮೊದಲನೆಯದು ದಿನಕ್ಕೆ 7 ಮೈಕ್ರೋಸೆಕೆಂಡು ಕಳೆಯುತ್ತದೆ, ಎರಡನೆಯದು 45 ಕೂಡಿಸುತ್ತದೆ. ಉಳಿಯುವುದು 38. ಬೆಳಕಿನ ಲೆಕ್ಕದಲ್ಲಿ ಅದು ದಿನಕ್ಕೆ 11 ಕಿಲೋಮೀಟರಿಗೆ ಸಮ. 1977ರಲ್ಲಿ ಎನ್‌ಟಿಎಸ್-2 ಎಂಬ ಪ್ರಯೋಗದ ಉಪಗ್ರಹವನ್ನು ಹಾರಿಸಿದಾಗ ಅದರ ಗಡಿಯಾರವನ್ನು ಸುಮಾರು 20 ದಿನ ಯಾವ ತಿದ್ದುಪಡಿಯೂ ಇಲ್ಲದೆ ಓಡಲು ಬಿಟ್ಟರು. ಸಿದ್ಧಾಂತ ಹೇಳಿದ್ದಕ್ಕೆ ತೀರ ಹತ್ತಿರದ ವೇಗದಲ್ಲೇ ಅದು ಮುಂದೆ ಓಡಿತ್ತು. ಈಗ ಜಿಪಿಎಸ್ ಗಡಿಯಾರಗಳನ್ನು ನೆಲದ ಮೇಲೆಯೇ ಅಷ್ಟು ನಿಧಾನಕ್ಕೆ ಹೊಂದಿಸಿ ಕಳಿಸುತ್ತಾರೆ.

ನಮ್ಮ ದೇಶದ್ದೇ ವ್ಯವಸ್ಥೆ ನಾವಿಕ್. ಅದರ ಬೇರುಗಳಲ್ಲಿ ಕೆಲವು ಕರ್ನಾಟಕದಲ್ಲೇ ಇವೆ. ಈ ಉಪಗ್ರಹಗಳನ್ನು ಹಾಸನದ ಇಸ್ರೋ ಕೇಂದ್ರದಿಂದ ನಿಯಂತ್ರಿಸುತ್ತಾರೆ. ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ ನಾವಿಕ್‌ನ ಸಮಯ ಮತ್ತು ಸಂಚಾರದ ಲೆಕ್ಕ ನೋಡಿಕೊಳ್ಳುವ ಕೇಂದ್ರವಿದೆ. ಮೊದಲ ಉಪಗ್ರಹ ಹಾರಿದ್ದು 2013ರ ಜುಲೈನಲ್ಲಿ. ವಿದೇಶದಿಂದ ತರಿಸಿ ಅದರಲ್ಲಿ ಇಟ್ಟಿದ್ದ ಮೂರೂ ಪರಮಾಣು ಗಡಿಯಾರಗಳು ಮುಂದೆ ಕೆಟ್ಟವು. ಉಪಗ್ರಹ ಕಕ್ಷೆಯಲ್ಲಿ ಚೆನ್ನಾಗಿಯೇ ಇದ್ದರೂ ಸಮಯ ಹೇಳಲಾಗದೆ ಸ್ಥಳ ತೋರಿಸುವ ಕೆಲಸಕ್ಕೆ ಒದಗದಾಯಿತು. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ನಮ್ಮವರೇ ತಯಾರಿಸಿದ ರುಬಿಡಿಯಂ ಪರಮಾಣು ಗಡಿಯಾರ ಕುಳಿತಿತು. ರಾಕೆಟ್ಟಿನ ಬೆಂಕಿಗೆ ಸಿಕ್ಕಷ್ಟು ಚಪ್ಪಾಳೆ ಆ ಪುಟ್ಟ ಪೆಟ್ಟಿಗೆಗೆ ಸಿಗಲಿಲ್ಲ. ಸಿಗಬೇಕಿತ್ತು.

ಈಗ ಕೈಯಲ್ಲಿರುವ ಮೊಬೈಲಿಗೆ ಬರೋಣ. ಮ್ಯಾಪು ತೆರೆದ ಕೂಡಲೇ ಚುಕ್ಕೆಯ ಸುತ್ತ ಏನಾಗುತ್ತದೆ ಎಂದು ಸ್ವಲ್ಪ ತಾಳ್ಮೆಯಿಂದ ನೋಡಿ. ಮೊದಲು ಅರ್ಧ ಬಡಾವಣೆಯನ್ನೇ ಆವರಿಸುವ ತಿಳಿನೀಲಿ ವೃತ್ತ ಬರಬಹುದು. ಮೊಬೈಲಿಗೆ ಆಗ ಗೊತ್ತಿರುವುದು ತಾನು ಯಾವ ಟವರಿಗೆ ಸೇರಿದ್ದೇನೆ ಎಂಬುದಷ್ಟೇ. ಮರುಕ್ಷಣ ವೃತ್ತ ಒಂದೆರಡು ಕಟ್ಟಡದಷ್ಟಕ್ಕೆ ಕುಗ್ಗುತ್ತದೆ. ಅದು ವೈಫೈ ಕೆಲಸ. ಅಕ್ಕಪಕ್ಕದ ಮನೆ, ಅಂಗಡಿ, ದರ್ಶಿನಿಗಳ ವೈಫೈ ಪೆಟ್ಟಿಗೆಗಳು ತಮ್ಮ ಗುರುತಿನ ಸಂಖ್ಯೆಯನ್ನು ಸದಾ ಸಾರುತ್ತಿರುತ್ತವೆ. ಅದನ್ನು ಕೇಳಲು ಪಾಸ್‌ವರ್ಡ್ ಬೇಕಿಲ್ಲ. ಯಾವ ಪೆಟ್ಟಿಗೆ ಎಲ್ಲಿದೆ ಎಂಬ ದೊಡ್ಡ ಪಟ್ಟಿ ಮ್ಯಾಪಿನ ಕಂಪನಿಗಳ ಬಳಿ ಇದೆ, ಆ ದಾರಿಯಲ್ಲಿ ಓಡಾಡಿದವರ ಮೊಬೈಲುಗಳಿಂದಲೇ ಬಹುಪಾಲು ಬೆಳೆದದ್ದು. ಮೇಲೆ ಹೇಳಿದ ಮೌನ ಇಲ್ಲಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಓದುಗರು ನೆನಪಿಡಬೇಕು: ಉಪಗ್ರಹಕ್ಕೆ ನಾವು ಏನೂ ಹೇಳುವುದಿಲ್ಲ, ಆದರೆ ಈ ಪಟ್ಟಿಯನ್ನು ಕೇಳುವಾಗ ನಮ್ಮ ಸುತ್ತ ಏನೇನಿದೆ ಎಂದು ಕಂಪನಿಗೆ ಹೇಳಿಯೇ ಕೇಳಬೇಕು.

ಆಮೇಲೆ ಉಪಗ್ರಹಗಳು ಸೇರಿಕೊಳ್ಳುತ್ತವೆ. ಜಿಪಿಎಸ್ ತನ್ನ ವಿವರಗಳನ್ನು ಕಳಿಸುವ ವೇಗ ಸೆಕೆಂಡಿಗೆ ಬರೀ 50 ಬಿಟ್. ಒಂದು ಉಪಗ್ರಹದ ಪೂರ್ತಿ ಮಾತು ಒಮ್ಮೆ ಮುಗಿಯಲು 30 ಸೆಕೆಂಡು ಬೇಕು, ಎಲ್ಲ ಉಪಗ್ರಹಗಳ ಪಂಚಾಂಗ ಪೂರ್ತಿ ಸಿಗಲು ಹನ್ನೆರಡೂವರೆ ನಿಮಿಷ. ಮೊಬೈಲು ಅಷ್ಟು ಹೊತ್ತು ಕಾಯುವುದಿಲ್ಲ. ಆ ವಿವರವನ್ನು ಇಂಟರ್ನೆಟ್ಟಿನಿಂದ ಮೊದಲೇ ತರಿಸಿಕೊಂಡು, ಆಕಾಶದಿಂದ ಸಮಯದ ಸಂಕೇತವನ್ನು ಮಾತ್ರ ಹಿಡಿಯುತ್ತದೆ. ನೆಟ್‌ವರ್ಕ್ ಸಿಗದ ಘಟ್ಟದಲ್ಲಿ ಚುಕ್ಕೆ ತಡವಾಗಿ ಕಾಣಿಸುವುದು ಇದಕ್ಕೇ. ತಡವಾದರೂ ಬರುತ್ತದೆ.

ವೃತ್ತ ಎಂದೆನಲ್ಲ, ನನಗೆ ಚುಕ್ಕೆಗಿಂತ ಅದರ ಮೇಲೆ ಗೌರವ ಹೆಚ್ಚು. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಅದರ ಅರ್ಥ, ನೂರರಲ್ಲಿ 68 ಸಲ ನೀವು ಈ ವೃತ್ತದ ಒಳಗೇ ಇರುತ್ತೀರಿ ಎಂದು. ಗೊತ್ತಿರುವುದನ್ನು ಹೇಳುವಾಗಲೇ, ಎಷ್ಟು ಗೊತ್ತಿಲ್ಲ ಎಂಬುದನ್ನೂ ಬಿಡಿಸಿ ತೋರಿಸುವ ಯಂತ್ರಗಳು ಹೆಚ್ಚಿಲ್ಲ. ಎತ್ತರದ ಕಟ್ಟಡಗಳ ಸಂದಿಯಲ್ಲಿ ಸಂಕೇತ ಗೋಡೆಗೆ ಬಡಿದು ಸುತ್ತಿ ಬಂದಾಗ ದೂರ ಹೆಚ್ಚಾಗಿ ತೋರುತ್ತದೆ, ವೃತ್ತ ಹಿಗ್ಗುತ್ತದೆ. ಆಗ ಮೊಬೈಲು ತನ್ನೊಳಗಿನ ಚಲನೆಯ ಸಂವೇದಕಗಳನ್ನು ಕೇಳಿ, ಹಿಂದಿನ ಕ್ಷಣ ಎಲ್ಲಿದ್ದೆ, ಎಷ್ಟು ತಿರುಗಿದೆ ಎಂದು ತಾಳೆ ನೋಡುತ್ತದೆ. ಬಸ್ಸಿನ ವೇಗದಲ್ಲಿ ಹೋಗುತ್ತಿರುವವನು ಕೆರೆಯ ನೀರಿನ ಮೇಲಿರಲಾರ, ಪಕ್ಕದ ರಸ್ತೆಯ ಮೇಲೇ ಇರಬೇಕು ಎಂದು ಮ್ಯಾಪು ಚುಕ್ಕೆಯನ್ನು ರಸ್ತೆಗೆ ಎಳೆದು ಕೂರಿಸುತ್ತದೆ.

ಎತ್ತರದ ವಿಷಯದಲ್ಲಿ ಮಾತ್ರ ಲೆಕ್ಕ ಅಷ್ಟು ಗಟ್ಟಿಯಲ್ಲ. ಉಪಗ್ರಹಗಳು ಸುತ್ತಲೂ ಸಿಗುತ್ತವೆ, ಆದರೆ ಎಲ್ಲವೂ ಮೇಲೆಯೇ. ಕಾಲ ಕೆಳಗಿನವುಗಳನ್ನು ಭೂಮಿ ಮರೆಮಾಡಿರುತ್ತದೆ. ಅಕ್ಕಪಕ್ಕದ ತಪ್ಪನ್ನು ಎದುರಿನ ಉಪಗ್ರಹ ಸರಿದೂಗಿಸಿದಂತೆ ಮೇಲೆ-ಕೆಳಗಿನ ತಪ್ಪನ್ನು ಸರಿದೂಗಿಸುವವರಿಲ್ಲ. ಜೊತೆಗೆ, ಜಿಪಿಎಸ್ ಎತ್ತರ ಅಳೆಯುವುದು ಸಮುದ್ರದಿಂದಲ್ಲ, ಗಣಿತದ ನುಣುಪಾದ ಭೂಗೋಲದಿಂದ. ಹಿಂದೂ ಮಹಾಸಾಗರದ ಮೇಲೆ ಗುರುತ್ವ ಕಡಿಮೆ ಇರುವುದರಿಂದ ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರಮಟ್ಟವೇ ಆ ಗೋಲಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿದೆ. ಆ ತಗ್ಗಿನ ಅಂಚು ನಮ್ಮ ಕರಾವಳಿಯವರೆಗೂ ಬಂದಿದೆ. ಪಣಂಬೂರಿನ ಮರಳಲ್ಲಿ ನಿಂತು ತಿದ್ದುಪಡಿ ಇಲ್ಲದ ಎತ್ತರ ನೋಡಿದರೆ, ಸೊನ್ನೆಗಿಂತ 80 ಮೀಟರಿನಷ್ಟು ಕೆಳಗೆ ತೋರಿಸೀತು.

ಬೆಂಗಳೂರಿನವರಿಗೆ ಎತ್ತರದ ಈ ಸಮಸ್ಯೆ ಸಿಲ್ಕ್ ಬೋರ್ಡ್ ದಾಟಿದ ಮೇಲೆ ಹೊಸೂರು ರಸ್ತೆಯಲ್ಲಿ ಎದುರಾಗುತ್ತದೆ. ಮೇಲೊಂದು ರಸ್ತೆ, ನೇರ ಕೆಳಗೊಂದು ರಸ್ತೆ. ಮ್ಯಾಪಿನಲ್ಲಿ ಎರಡೂ ಒಂದರ ಮೇಲೊಂದು. ಕೆಲವು ಮೊಬೈಲುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸಂವೇದಕವಿದೆ, ಎಂಟೊಂಬತ್ತು ಮೀಟರ್ ಏರಿದರೆ ಒಂದು ಮಿಲಿಬಾರ್ ಇಳಿದದ್ದು ಅದಕ್ಕೆ ತಿಳಿಯುತ್ತದೆ. ಆ ಸಂವೇದಕವಿಲ್ಲದ ಮೊಬೈಲಿಗೆ ಆಧಾರ ಕಡಿಮೆ. ಕಾರಿನ ವೇಗ ನೋಡಬಹುದು, ತಲೆಯ ಮೇಲಿನ ಕಾಂಕ್ರೀಟು ಎಷ್ಟು ಉಪಗ್ರಹಗಳನ್ನು ಮರೆಮಾಡಿದೆ ಎಂದು ನೋಡಬಹುದು. ಅದೂ ಸಾಲದೆ ಹೋದರೆ, ಮೇಲಿನ ರಸ್ತೆಯಲ್ಲಿ ಇಲ್ಲದ, ಕೆಳಗಿನ ರಸ್ತೆಯಲ್ಲಿ ಮಾತ್ರ ಇರುವ ಒಂದು ತಿರುವಿನಲ್ಲಿ ನೀವು ಎಡಕ್ಕೆ ಹೊರಳುವವರೆಗೆ ಚುಕ್ಕೆ ಮೇಲ್ಸೇತುವೆಯ ಮೇಲೇ ಸಾಗುತ್ತಿರುತ್ತದೆ. ಹೊರಳಿದ ಎರಡು-ಮೂರು ಸೆಕೆಂಡಿಗೆ ಕೆಳಗಿಳಿದು, ಹೊಸ ದಾರಿ ಹೇಳಲು ಶುರುಮಾಡುತ್ತದೆ.